ಡಚ್ ಗುಲಾಬಿ ತಳೇಗಾಂವ್‌ನದು

ನಮಸ್ಕಾರ ಎಲ್ಲರಿಗೂ. ಇವತ್ತು ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡ್‌ನ ಹೂವಿನ ವಿಭಾಗಕ್ಕೆ ಬಂದಿದ್ದೇವೆ. ಹಿಂದೆ ಕೇಳುತ್ತಿರುವ ಗದ್ದಲ ಸಹಿಸಿಕೊಳ್ಳಿ. ಇಲ್ಲಿ ಬೆಳಿಗ್ಗೆ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ನಾನು ಮದುವೆ, ಸೀಮಂತ, ಗೃಹಪ್ರವೇಶಗಳಿಗೆ ಹೂವಿನ ಅಲಂಕಾರ ಮಾಡುವವಳು. ಗಿರಾಕಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮವರೇ. ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯಿಂದ ಬಂದು ವಾಕಡ್, ಹಿಂಜೇವಾಡಿಯಲ್ಲಿ ಮನೆ ಮಾಡಿದವರು. ಫೋನ್ ಮಾಡಿದ ಕೂಡಲೇ ಕೇಳುವ ಪ್ರಶ್ನೆ ಒಂದೇ: "ಇಂಪೋರ್ಟೆಡ್ ಹೂವು ಹಾಕ್ತೀರಾ?"

ಹಾಕುತ್ತೇನೆ. ಆದರೆ ಅವರು ಫೋಟೋ ಕಳಿಸಿ ತೋರಿಸುವ ಗುಲಾಬಿ ಬಹುತೇಕ ಸಲ ಇಂಪೋರ್ಟೆಡ್ ಆಗಿರುವುದೇ ಇಲ್ಲ.

ಈ ಕಟ್ಟು ನೋಡಿ. ಇಲ್ಲಿ ಇದಕ್ಕೆ ಗಡ್ಡಿ ಅನ್ನುತ್ತಾರೆ. 20 ಗುಲಾಬಿ, ಸುತ್ತ ರಟ್ಟಿನ ಕಾಗದ, ಮೊಗ್ಗುಗಳ ತಲೆ ಎಲ್ಲ ಒಂದೇ ಮಟ್ಟಕ್ಕೆ. ದರ ನಿಲ್ಲುವುದು ದಂಟಿನ ಉದ್ದದ ಮೇಲೆ. 40 ಸೆಂಟಿಮೀಟರ್, 50, 60, ಹೀಗೆ ಉದ್ದ ಏರಿದಂತೆ ರೇಟೂ ಏರುತ್ತದೆ. ಮಾರ್ಕೆಟ್ಟಿನ ದರಪಟ್ಟಿಯಲ್ಲಿ ಇದು 'ಡಚ್ ಗುಲಾಬ್'. ಬೆಳೆದದ್ದು ಮಾವಳ ತಾಲೂಕಿನಲ್ಲಿ, ತಳೇಗಾಂವ್ ದಾಭಾಡೆ ಹತ್ತಿರ. ಪುಣೆ ದಾಟಿ ಮುಂಬೈ ರಸ್ತೆ ಹಿಡಿದರೆ ಒಂದು ಗಂಟೆಯ ದಾರಿ. ತಳಿ ಯುರೋಪಿನದು ಅನ್ನುವುದು ನಿಜ. ಕೆಂಪಿಗೆ ಟಾಪ್ ಸೀಕ್ರೆಟ್, ಹಳದಿಗೆ ಗೋಲ್ಡ್ ಸ್ಟ್ರೈಕ್, ಬಿಳಿಗೆ ಅವಲಾಂಚ್. ಆದರೆ ಗಿಡ ನಿಂತಿರುವುದು ಇಲ್ಲಿನ ಮಣ್ಣಿನಲ್ಲಿ, ಕುಡಿಯುವುದು ಇಲ್ಲಿನ ನೀರು, ಕೊಯ್ಯುವುದು ಇಲ್ಲಿನ ಹೆಂಗಸರು.

ಒಂದು ಮದುವೆ ಮನೆಯವರು ತಮ್ಮ ಹಳೆಯ ಡೆಕೊರೇಟರ್ ಕೊಟ್ಟ ಬಿಲ್ ನನಗೆ ತೋರಿಸಿದ್ದರು. ಇದೇ ಗುಲಾಬಿಗೆ 'ಇಂಪೋರ್ಟೆಡ್' ಅಂತ ಬರೆದು ಹೆಚ್ಚೂ ಕಡಿಮೆ ಎರಡು ಪಟ್ಟು ಹಾಕಿದ್ದರು. ನನಗೆ ಸಿಟ್ಟು ಬಂದದ್ದು ದುಡ್ಡಿಗಲ್ಲ. ಬೆಳೆದವನ ಹೆಸರೇ ಇಲ್ಲದ ಹಾಗೆ ಮಾಡಿಬಿಟ್ಟರಲ್ಲ, ಅದಕ್ಕೆ.

ಈಗ ಪರದೆ ಮೇಲೆ ಬರುತ್ತಿರುವುದು ಆ ಕಡೆಯದೇ ಒಂದು ಪಾಲಿಹೌಸ್, ಅಂದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಹಸಿರುಮನೆ. ಒಳಗೆ ಕಾಲಿಟ್ಟರೆ ಕ್ಯಾಮೆರಾ ಲೆನ್ಸ್ ಮಂಜಾಗುತ್ತದೆ, ಅಷ್ಟು ತೇವ. ಏರುಮಡಿಯ ಎರಡೂ ಬದಿಗೆ ಕೆಲವು ಕೊಂಬೆ ಬಗ್ಗಿ ನೆಲದ ಕಡೆ ಮಲಗಿವೆ, ನೋಡಿದಿರಾ? ಗಾಳಿಗೆ ಬಿದ್ದದ್ದಲ್ಲ, ಬೇಕಂತಲೇ ಬಗ್ಗಿಸಿದ್ದು. ಬಡಕಲು ಕೊಂಬೆಗಳನ್ನು ಹೀಗೆ ಮಲಗಿಸಿದರೆ ಅವು ಎಲೆ ಹೊತ್ತು ಗಿಡಕ್ಕೆ ಊಟ ಹಾಕುತ್ತವೆ. ಬುಡದಿಂದ ನೆಟ್ಟಗೆ ಬರುವ ಹೊಸ ಚಿಗುರು ಹೂವು ಕೊಡುತ್ತದೆ. ಆ ಉದ್ದ ದಂಟು ಸಿಗುವುದು ಈ ಕೆಲಸದಿಂದಲೇ. ಕೊಯ್ದ ಹೂವು ನೇರ ಬಕೆಟ್ಟಿನ ನೀರಿಗೆ, ಅಲ್ಲಿಂದ ಕೋಲ್ಡ್ ಸ್ಟೋರೇಜಿಗೆ. ಗುಲಾಬಿಗೆ 2ರಿಂದ 4 ಡಿಗ್ರಿ ಚಳಿ ಬೇಕು.

ಇಲ್ಲಿಯವರಿಗೆ ವರ್ಷದ ದೊಡ್ಡ ಹಬ್ಬ ಅಂದರೆ ಫೆಬ್ರವರಿ 14. ಅದಕ್ಕೆ ತಯಾರಿ ಡಿಸೆಂಬರ್‌ನಲ್ಲೇ. ಆಗ ಗಿಡ ಕತ್ತರಿಸಿ ಬಗ್ಗಿಸಿದರೆ ಲೆಕ್ಕ ಹಾಕಿದ ಹಾಗೆ ಜನವರಿ ಕೊನೆಗೆ ಮೊಗ್ಗು ಸಿಗುತ್ತದೆ. ಮೊದಲು ಕೊಯ್ದದ್ದು ವಿಮಾನ ಹತ್ತಿ ಹೊರದೇಶಕ್ಕೆ, ಆಮೇಲಿನದು ದೆಹಲಿ, ಮುಂಬೈ ಅಂತ ನಮ್ಮ ಊರುಗಳಿಗೆ. ಚಳಿ ಒಂದು ವಾರ ಜಾಸ್ತಿ ಆದರೆ ಮೊಗ್ಗು ತಡ, ಬಿಸಿಲು ಜಾಸ್ತಿ ಆದರೆ ಬೇಗ. 15ನೇ ತಾರೀಕು ಅದೇ ಹೂವನ್ನು ಕೇಳುವವರಿಲ್ಲ. ಯುರೋಪಿಗೆ ಹೂವು ಕಳಿಸುವ ಊರಿನ ಪಕ್ಕದಲ್ಲೇ ಕೂತು ನಾವು ಯುರೋಪಿನ ಹೂವು ಕೇಳುತ್ತೇವೆ. ತಮಾಷೆ ಅಲ್ವಾ?

ಹಾಗಾದರೆ ನಿಜವಾಗಿ ಹೊರಗಿಂದ ಬರುವುದು ಯಾವುದು? ನೇರಳೆ-ಬಿಳಿ ಡೆಂಡ್ರೋಬಿಯಂ ಆರ್ಕಿಡ್ ಜಾಸ್ತಿ ಥಾಯ್ಲೆಂಡ್‌ನದು. ಕಡ್ಡಿಯ ತುದಿಗೆ ಪುಟ್ಟ ನೀರಿನ ಕೊಳವೆ ಸಿಕ್ಕಿಸಿರುತ್ತಾರೆ. ಟ್ಯುಲಿಪ್, ಪಿಯೋನಿ ಹಾಲೆಂಡ್ ಕಡೆಯವು. ಲಿಲಿಯಂ ಕಥೆ ಅರ್ಧಂಬರ್ಧ: ಗೆಡ್ಡೆ ಹಾಲೆಂಡಿನದು, ಹೂವು ಅರಳುವುದು ಇಲ್ಲಿನ ಪಾಲಿಹೌಸಲ್ಲಿ. ಹೊರಗಿನ ಹೂವಿಗೆ ವಿಮಾನದ ಬಾಡಿಗೆ, ಭಾರಿ ಆಮದು ಸುಂಕ, ರೋಗ-ಕೀಟ ಇಲ್ಲ ಅನ್ನುವ ಸರ್ಟಿಫಿಕೇಟು, ಇಲ್ಲಿ ಇಳಿದ ಮೇಲೆ ಮತ್ತೊಮ್ಮೆ ತಪಾಸಣೆ. ಇಷ್ಟೆಲ್ಲ ದಾಟಿ ಬಂದದ್ದು ಅಗ್ಗ ಹೇಗಾಗುತ್ತದೆ ಹೇಳಿ.

ಹಾಗಂತ ನಾನು ಆರ್ಕಿಡ್ ಬಿಟ್ಟಿಲ್ಲ. ಮೇ ತಿಂಗಳ ಪುಣೆ ಬಿಸಿಲಿಗೆ ಮಂಟಪದ ಮೇಲೆ ಮುಖ ಬಾಡದೆ ನಿಲ್ಲುವ ಹೂವು ಅದು. ಅದಕ್ಕೆ ಗುಲಾಬಿಯ ಚಳಿ ಕೊಡಬೇಡಿ ಅಷ್ಟೆ. 10 ಡಿಗ್ರಿಗಿಂತ ಕೆಳಗೆ ಇಟ್ಟರೆ ಎಸಳು ಕಪ್ಪಾಗುತ್ತದೆ. ಎಲ್ಲವನ್ನೂ ಒಂದೇ ಫ್ರಿಜ್ಜಿಗೆ ತುರುಕುವ ಅಂಗಡಿಗಳನ್ನು ನೋಡಿದ್ದೇನೆ.

ಹತ್ತಿರದ್ದೆಲ್ಲ ಪರಿಸರಕ್ಕೆ ಒಳ್ಳೆಯದು, ದೂರದ್ದೆಲ್ಲ ಕೆಟ್ಟದ್ದು ಅಂತಲೂ ನಾನು ಹೇಳುವುದಿಲ್ಲ. ಇಂಗ್ಲೆಂಡಿನ ಕ್ರಾನ್‌ಫೀಲ್ಡ್ ವಿಶ್ವವಿದ್ಯಾಲಯದವರು 2007ರಲ್ಲಿ ಒಂದು ಲೆಕ್ಕ ಹಾಕಿದ್ದರು. ಕೀನ್ಯಾದ 12,000 ಗುಲಾಬಿ, ವಿಮಾನದ ಹೊಗೆಯನ್ನೂ ಸೇರಿಸಿ, ಸುಮಾರು 2,200 ಕಿಲೋ ಕಾರ್ಬನ್ ಡೈಆಕ್ಸೈಡ್. ಅಷ್ಟೇ ಗುಲಾಬಿ ಹಾಲೆಂಡಿನ ಗಾಜಿನ ಮನೆಯಲ್ಲಿ ಬೆಳೆದರೆ ಸುಮಾರು 35,000 ಕಿಲೋ. ಯಾಕೆಂದರೆ ಅಲ್ಲಿ ಚಳಿಗಾಲದಲ್ಲಿ ಗಿಡಕ್ಕೆ ಶಾಖ ಕೊಡಬೇಕು, ದೀಪ ಹಚ್ಚಬೇಕು. ಕೀನ್ಯಾದಲ್ಲಿ ಸೂರ್ಯ ಪುಕ್ಕಟೆ. ಹಾಲೆಂಡಿನ ಆಲ್ಸ್‌ಮೀರ್ ಹೂವಿನ ಹರಾಜಿನಲ್ಲಿ ಮಾರಾಟವಾಗುವ ಗುಲಾಬಿಯಲ್ಲೂ ಕೀನ್ಯಾ, ಇಥಿಯೋಪಿಯಾದ್ದು ದೊಡ್ಡ ಪಾಲು. ಅಂದರೆ ಹಾಲೆಂಡಿನಲ್ಲೇ ನೀವು ಕೊಳ್ಳುವ ಗುಲಾಬಿ ಹಾಲೆಂಡಿನದು ಅನ್ನುವ ಗ್ಯಾರಂಟಿ ಇಲ್ಲ. ಮಾವಳಕ್ಕೆ ಸೂರ್ಯನೂ ಪುಕ್ಕಟೆ, ವಿಮಾನವೂ ಬೇಡ. ನನ್ನ ಓಟು ಅಲ್ಲಿಗೆ ಹೋಗುವುದು ಇದಕ್ಕೇ. ಸುಮ್ನೆ ಊರಿನ ಅಭಿಮಾನ ಅಂದುಕೊಳ್ಳಬೇಡಿ.

ಅಭಿಮಾನದ ಮಾತು ಬಂದರೆ, ಆ ರಾಶಿ ನೋಡಿ. ಚೆಂಡುಹೂವು. ಇಲ್ಲಿಯವರು ಝೆಂಡು ಅನ್ನುತ್ತಾರೆ. ದಸರಾಕ್ಕೆ ಪುರಂದರ, ಸಾಸ್ವಡ್ ಕಡೆಯಿಂದ ಟೆಂಪೋ ಮೇಲೆ ಟೆಂಪೋ ಬರುತ್ತವೆ. ಪಕ್ಕದಲ್ಲಿ ಸುಗಂಧರಾಜ, ಇಲ್ಲಿ ಗುಲ್‌ಛಡಿ. ಬಾಗಿಲ ತೋರಣಕ್ಕೂ ದೇವರ ಹಾರಕ್ಕೂ ಇವಿಲ್ಲದೆ ನಮ್ಮ ಮನೆಗಳಲ್ಲಿ ಹಬ್ಬವೇ ಇಲ್ಲ. ಎರಡರ ತವರೂ ಮೆಕ್ಸಿಕೋ. ಹಾಗಾಗಿ ಸ್ವದೇಶಿ, ವಿದೇಶಿ ಅಂತ ನನ್ನ ಹತ್ತಿರ ಯಾರಾದರೂ ಗಟ್ಟಿಯಾಗಿ ವಾದ ಮಾಡಿದರೆ ಕೈಗೆ ಒಂದು ಚೆಂಡುಹೂವು ಕೊಡುತ್ತೇನೆ.

ನಮ್ಮ ಹೂವಿನ ತೊಂದರೆ ಬೇರೆ ಕಡೆ ಇದೆ. ಹೊಲದಿಂದ ಮಾರ್ಕೆಟ್ಟಿನವರೆಗಿನ ದಾರಿಯಲ್ಲಿ. ಎಕ್ಸ್‌ಪೋರ್ಟಿಗೆ ಹೋಗುವ ಗುಲಾಬಿ ಚಳಿಯಲ್ಲೇ ಹುಟ್ಟಿ ಚಳಿಯಲ್ಲೇ ಪ್ರಯಾಣ ಮಾಡುತ್ತದೆ. ನಮಗೆ ಬರುವುದು ಬಹಳ ಸಲ ತೆರೆದ ಟೆಂಪೋದಲ್ಲಿ ಬಿಸಿಗಾಳಿ ಕುಡಿದು ಬಂದಿರುತ್ತದೆ. ಒಂದೇ ಪಾಲಿಹೌಸಿನ ಎರಡು ಹೂವು, ಒಂದು ಹೂವು ಒಂದು ವಾರ ಬಾಳುತ್ತದೆ, ಇನ್ನೊಂದು ಮದುವೆ ದಿನ ಸಂಜೆಗೇ ಕತ್ತು ಬಗ್ಗಿಸುತ್ತದೆ. ಗಿರಾಕಿ ಏನಂತಾರೆ? "ಲೋಕಲ್ ಹೂವು ಇಷ್ಟೇ ರೀ." ಬೈಸಿಕೊಳ್ಳುವುದು ಹೂವು, ತಪ್ಪು ಟೆಂಪೋದ್ದು.

ಅದಕ್ಕೆ ಕೊಳ್ಳುವಾಗ ನಾನು ಮಾಡುವುದನ್ನು ಹತ್ತಿರದಿಂದ ತೋರಿಸುತ್ತೇನೆ. ಮೊಗ್ಗಿನ ಬುಡ, ಹಸಿರು ಪುಷ್ಪಪಾತ್ರೆಯ ಸ್ವಲ್ಪ ಮೇಲೆ, ಹೆಬ್ಬೆರಳು ತೋರುಬೆರಳಲ್ಲಿ ಮೆಲ್ಲಗೆ ಒತ್ತಿ. ಗಟ್ಟಿ ಇದ್ದರೆ ತಾಜಾ. ಮೆತ್ತಗೆ ಒಳಗೆ ಹೋದರೆ ಮುಂದಿನ ಅಂಗಡಿಗೆ ನಡೆಯಿರಿ. ಹೊರಗಿನ ಒಂದೆರಡು ಎಸಳು ಹಸಿರು ಗೆರೆ ಬಿದ್ದು ಒರಟಾಗಿದ್ದರೆ ಹೆದರಬೇಡಿ. ಅವು ಕಾವಲು ಎಸಳು, ಕಿತ್ತರಾಯಿತು. ಯಾರೋ ಆಗಲೇ ಎಲ್ಲ ಕಿತ್ತು ನುಣ್ಣಗೆ ಮಾಡಿಟ್ಟಿದ್ದರೆ ಆಗ ಅನುಮಾನ ಪಡಿ, ಹಳೆ ಹೂವಿಗೆ ಮೇಕಪ್ ಅದು. ಆಮೇಲೆ ದಂಟಿನ ತುದಿ ತಿರುಗಿಸಿ ನೋಡಿ. ಕಂದು ಬಣ್ಣಕ್ಕೆ ತಿರುಗಿ ಜಾರುತ್ತಿದ್ದರೆ ಬಕೆಟ್ಟಿನಲ್ಲಿ ಕೂತು ಬಹಳ ಹೊತ್ತಾಗಿದೆ. ಮನೆಗೆ ತಂದ ಮೇಲೆ ನೀರಿನೊಳಗೇ ತುದಿಯನ್ನು ಓರೆಯಾಗಿ ಕತ್ತರಿಸಿ, ಗಾಳಿ ಗುಳ್ಳೆ ಒಳಗೆ ಹೋಗಬಾರದು. ನೀರಿನ ಮಟ್ಟದ ಕೆಳಗಿನ ಎಲೆ ಒಂದೂ ಉಳಿಯಬಾರದು. ಕೊಳೆತು ನೀರು ಕೆಡಿಸುವುದೇ ಅವು.

ಈ ವಾರದ ಆರ್ಡರ್ ಹೇಳಿಬಿಡುತ್ತೇನೆ. ವಾಕಡ್‌ನ ಹುಡುಗಿ, ಧಾರವಾಡದ ಮನೆತನ, ಮೇ ತಿಂಗಳಲ್ಲಿ ಬಯಲು ಲಾನಿನಲ್ಲಿ ಮದುವೆ. ಅವಳಿಗೆ ನೀಲಿ ಹೈಡ್ರೇಂಜಿಯಾ ಬೇಕೇ ಬೇಕು. ಆ ಹೂವಿಗೆ ನೀರಿನ ಹಸಿವು ಎಷ್ಟು ಅಂದರೆ ಬಾಡಿದರೆ ತಲೆಯನ್ನೇ ನೀರಲ್ಲಿ ಮುಳುಗಿಸಿ ಎಬ್ಬಿಸಬೇಕು. ಮುಹೂರ್ತದ ಹೊತ್ತಿಗೆ ಯಾರು ಮುಳುಗಿಸುತ್ತಾರೆ? ಕೊನೆಗೆ ಒಪ್ಪಂದ ಹೀಗಾಯಿತು. ವೇದಿಕೆ ಪೂರ್ತಿ ತಳೇಗಾಂವ್ ಗುಲಾಬಿ ಮತ್ತು ಸುಗಂಧರಾಜ, ಮಂಟಪದ ಮೇಲೆ ಥಾಯ್ ಆರ್ಕಿಡ್. ಹೈಡ್ರೇಂಜಿಯಾ ಎಸಿ ಇರುವ ರಿಸೆಪ್ಶನ್ ಹಾಲಿನ ಒಂದು ಟೇಬಲ್ಲಿಗೆ ಮಾತ್ರ. ಬಿಲ್‌ನಲ್ಲಿ ಯಾವ ಹೂವು ಎಲ್ಲಿಯದು ಅಂತ ಬರೆದೇ ಕೊಟ್ಟಿದ್ದೇನೆ.

ಹುಡುಗಿಯ ಅಮ್ಮ ಪಟ್ಟಿಯನ್ನು ಎರಡು ಸಲ ಓದಿ, ಕನ್ನಡಕ ಮೇಲೆ ಮಾಡಿ ಕೇಳಿದರು: "ಹೈಡ್ರೇಂಜಿಯಾದ್ದು ಇಷ್ಟು ದುಡ್ಡು ಉಳೀತಲ್ಲ, ಜಡೆಗೆ ಇನ್ನೆರಡು ಮೊಳ ಮಲ್ಲಿಗೆ ಹಾಕ್ರಿ. ವಾಸನೆ ಇಲ್ಲದ ಕಾಕಡಾ ಕೊಟ್ಟೀರಿ ಮತ್ತೆ, ಮೊಗ್ರಾನೇ ಬೇಕು." ಮೇ ತಿಂಗಳು ಮೊಗ್ರಾ ಸೀಸನ್ನೇ, ಸಿಗುತ್ತದೆ. ಹೂಂ ಅಂದಿದ್ದೇನೆ.