ತಾಳು ಎಂಬ ಮಾತಿನ ಭಾರ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಹಳೆಯ ಮನೆಯ ಬಾವಿಗೆ ಹೊಸ ಹಗ್ಗ ತಂದಾಗಲೆಲ್ಲ ಅಜ್ಜಿ ಅದನ್ನು ಎರಡೂ ಕೈಗಳಿಂದ ಜಗ್ಗಿ ನೋಡಿ, ‘ಇದು ಎರಡು ಮಳೆಗಾಲ ತಾಳುತ್ತದೆ’ ಎಂದೋ ‘ತಾಳುವುದಿಲ್ಲ’ ಎಂದೋ ತೀರ್ಪು ಕೊಡುತ್ತಿದ್ದರು. ತಾಳ್ಮೆ ಎಂಬ ಪದದ ಅರ್ಥವನ್ನು ಯೋಚಿಸಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಹಗ್ಗವೇ. ತುಂಬಿದ ಕೊಡ ಮೇಲೇರುವಾಗ ರಾಟೆಯಲ್ಲಿ ಬಿಗಿದು ನಿಂತ ಅದರ ಒಂದೊಂದು ಎಳೆಯೂ ಭಾರ ಹೊರುತ್ತಿರುತ್ತದೆ.

‘ತಾಳ್’ ಎಂಬ ಕನ್ನಡದ ಧಾತುವಿಗೆ ಹೊರು, ಧರಿಸು, ಸಹಿಸು, ಕಾಯು, ಬಾಳಿಕೆ ಬರು ಎಂಬ ಅರ್ಥಗಳೆಲ್ಲ ಇವೆ. ರೂಪ ತಾಳುವುದು, ಜನ್ಮ ತಾಳುವುದು, ನಿಲುವು ತಾಳುವುದು ಎನ್ನುವಾಗಲೂ ಒಂದನ್ನು ತನ್ನದಾಗಿ ಧರಿಸುವ ಭಾವವೇ ಅಲ್ಲಿದೆ. ಒಲ್ಮೆ, ಜಾಣ್ಮೆಗಳಲ್ಲಿರುವ ‘ಮೆ’ ಪ್ರತ್ಯಯವೇ ಸೇರಿ ತಾಳ್ಮೆಯಾಯಿತು. ತಾಳಿಕೆ ಅದರ ಒಡಹುಟ್ಟು. ಸಂಸ್ಕೃತದ ಸಹನೆ, ಅರಬ್ಬಿ ಮೂಲದ ಸಬೂರಿ ಕೂಡ ನಮ್ಮ ಬಳಕೆಯಲ್ಲಿವೆ. ಕ್ಷಮಾ ಎಂಬುದಕ್ಕೂ ಸಂಸ್ಕೃತದಲ್ಲಿ ತಾಳ್ಮೆಯೆಂಬ ಅರ್ಥವಿದ್ದು, ಎಲ್ಲವನ್ನೂ ಹೊತ್ತ ಭೂಮಿಗೂ ಅದು ಹೆಸರಾಗಿದೆ. ನಮ್ಮ ದಿನಬಳಕೆಯಲ್ಲಿ ಮಾತ್ರ ಕ್ಷಮೆಯೆಂದರೆ ಮನ್ನಿಸುವುದು ಎಂದಷ್ಟೇ ಉಳಿದಿದೆ.

ಮನೆಯಲ್ಲಿ ಈ ಮಾತು ಹೇಗೆ ಬರುತ್ತದೆಂಬುದನ್ನು ನೋಡಿ. ರೊಟ್ಟಿ ತಟ್ಟುತ್ತಿರುವ ತಾಯಿ, ಸೆರಗು ಹಿಡಿದು ಜಗ್ಗುವ ಮಗುವಿಗೆ, ಹಿಟ್ಟು ಮೆತ್ತಿದ ಕೈಯನ್ನು ಹಾಗೆಯೇ ಎತ್ತಿ ಹಿಡಿದು, ‘ತಾಳು ಮಗಾ, ಇದೊಂದು ಬೇಯಲಿ’ ಎನ್ನುತ್ತಾಳೆ. ಎಷ್ಟು ಹೊತ್ತು ತಾಳಬೇಕೆಂಬುದು ಹಂಚಿನ ಮೇಲೆಯೇ ಕಾಣುತ್ತಿರುತ್ತದೆ, ಕಾಯಿಸುವವಳೂ ಬೆಂಕಿಯ ಮುಂದೆ ಕುಳಿತೇ ಇರುತ್ತಾಳೆ. ಹಾಗಾಗಿ ಆ ‘ತಾಳು’ವಿನಲ್ಲಿ ಒಂದು ಭರವಸೆಯಿದೆ.

ಅದೇ ಮಾತು ಕಚೇರಿಯ ಕಿಟಕಿಯಾಚೆಯಿಂದ ಬಂದಾಗ ನನಗೆ ಸಂಕಟವಾಗುತ್ತದೆ. ‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ಕಷ್ಟದಲ್ಲಿರುವವರು ತಮಗೆ ತಾವೇ ಹೇಳಿಕೊಂಡರೆ ಅದು ಧೈರ್ಯ. ತಡಮಾಡಿದವರೇ ಅದನ್ನು ಅವರಿಗೆ ಹೇಳಿದರೆ, ತಮ್ಮ ಹೊರೆಯನ್ನು ಇನ್ನೊಬ್ಬರ ತಲೆಗೆ ದಾಟಿಸಿದಂತೆ ಎಂದೇ ನಾನು ತಿಳಿಯುತ್ತೇನೆ. ಹಿಂದೊಮ್ಮೆ ಅಂಥ ಕಿಟಕಿಯೊಂದರ ಸಾಲಿನಲ್ಲಿ ನನ್ನ ಮುಂದೆ ವಿಧವಾ ವೇತನದ ಅರ್ಜಿ ಹಿಡಿದ ವೃದ್ಧೆಯೊಬ್ಬರು ನಿಂತಿದ್ದರು. ಮಡಿಸಿ ಮಡಿಸಿ ಆ ಕಾಗದದ ಗೆರೆಗಳೇ ಹರಿಯತೊಡಗಿದ್ದವು. ‘ಸ್ವಲ್ಪ ತಾಳ್ಮೆ ಇರಲಿ, ಅಜ್ಜಿ’ ಎಂದು ಒಳಗಿನಿಂದ ಉತ್ತರ ಬಂತು. ಅವರು ದನಿಯೇರಿಸಲಿಲ್ಲ, ಅರ್ಜಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅಂಗೈಯಿಂದ ನೇವರಿಸಿ ಸರಿಪಡಿಸಿ, ‘ತಾಳ್ತೀನಿ ಸ್ವಾಮಿ, ಯಾವ ತಾರೀಖಿನವರೆಗೆ ಅಂತ ಇದರ ಮೇಲೇ ಬರೆದುಕೊಡಿ’ ಎಂದರು.