ಅಲ್ಲ, ಇಲ್ಲ ಮತ್ತು ನಮ್ಮ ಹುದ್ದೆಗಳು

ಎಲ್ಲರಿಗೂ ನಮಸ್ಕಾರ. ಬರೆದುಕೊಂಡು ಬಂದ ಮೊದಲ ಪುಟವನ್ನು ಪಕ್ಕಕ್ಕಿಡುತ್ತೇನೆ. ಈಗ ಚಹಾ ಕುಡಿಯುವಾಗ ಎಂ.ಎ. ಭಾಷಾವಿಜ್ಞಾನದ ಹುಡುಗಿಯೊಬ್ಬಳು ಬಂದು, "ಸರ್, ನೆಟ್ ಆಯ್ತು, ಇನ್ನೇನು ಮಾಡ್ಲಿ?" ಅಂತ ಕೇಳಿದಳು. ನೆಟ್ ಅಂದರೆ ಕಾಲೇಜು ಮೇಷ್ಟ್ರಾಗಲು ಬರೆಯುವ ಅರ್ಹತಾ ಪರೀಕ್ಷೆ. ಅದಕ್ಕೆ ಉತ್ತರ ಕೊಡದೆ ಬೇರೇನು ಮಾತಾಡಿದರೂ ತಪ್ಪಾಗುತ್ತದೆ.

ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, 2018ರ ನಿಯಮ ನಿಮಗೆಲ್ಲ ಬಾಯಿಪಾಠ. ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರದಲ್ಲಿ ಶೇ. 55, ಜೊತೆಗೆ ನೆಟ್ಟೋ ಪಿಎಚ್.ಡಿ.ಯೋ ಬೇಕು. ಇದನ್ನೆಲ್ಲ ದಾಟಿ ಒಳಗೆ ಹೋದರೆ ಅಲ್ಲಿ ಕುರ್ಚಿ ಇಲ್ಲ. ಭಾಷಾವಿಜ್ಞಾನದ ವಿಭಾಗಗಳು ಬೆರಳೆಣಿಕೆಯಷ್ಟು. ಹಿಂದಿನವರೂ ಊರೂರು ಅಲೆದವರೇ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರನ್ನು ನೋಡಿ: ಪುಣೆಯ ಡೆಕ್ಕನ್ ಕಾಲೇಜು, ತಿರುವನಂತಪುರ, ಇಂಫಾಲ. ಮಣಿಪುರಿ ವ್ಯಾಕರಣ ಬರೆದ ಕೈಯೇ ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂದದ್ದು.

ಕುರ್ಚಿ ಇಲ್ಲ ಅಂದೆ. ಕೆಲಸ ಇಲ್ಲ ಅನ್ನಲಿಲ್ಲ. ಕೆಲಸ ಬೆಟ್ಟದಷ್ಟಿದೆ.

ನಿಮಗೊಂದು ಸಂಗತಿ ಹೇಳಬೇಕು. ಬೆಂಗಳೂರಿನಲ್ಲಿ ಕೆಲವು ಕಾಲ ಸಂಜೆ ಹೊತ್ತು ಹೊರಗಿನಿಂದ ಬಂದವರಿಗೆ ಕನ್ನಡ ಹೇಳಿಕೊಡುತ್ತಿದ್ದೆ. ಬಿಹಾರದ ಒಬ್ಬ ಬಡಗಿ ಬರುತ್ತಿದ್ದ. ಕಿವಿಯ ಹಿಂದೆ ಪೆನ್ಸಿಲ್, ಅಂಗಿಯ ತೋಳಿನಲ್ಲಿ ಮರದ ಹೊಟ್ಟು. ಒಂದು ದಿನ ಪಾಠ ಮುಗಿದ ಮೇಲೆ ಬಾಗಿಲಲ್ಲಿ ಚಪ್ಪಲಿ ಅದಲುಬದಲಾಗಿ, "ಸಾರ್, ಇದು ನನ್ನ ಚಪ್ಪಲಿ ಇಲ್ಲ" ಅಂದ. "ಇಲ್ಲ ಅಲ್ಲಪ್ಪಾ, ಅಲ್ಲ" ಅಂದೆ. ಅವನು ಕಂಗಾಲಾದ. ನಾನು ಅಂದದ್ದರಲ್ಲಿ ಎರಡೂ ಇದ್ದವಲ್ಲ! ಮೂರು ಸಲ ತಿದ್ದಿದೆ, ಮೂರು ಸಲವೂ ಅದೇ ಬಂತು. ಆಮೇಲೆ ಹಾಜರಿ ಹಾಳೆ ತಿರುಗಿಸಿ ಹಿಂದೆ ಬರೆದೆ. 'ಯಹ್ ಮೇರಾ ನಹೀ ಹೈ', 'ಮೇರೇ ಪಾಸ್ ನಹೀ ಹೈ'. ಅವನ ನುಡಿಯಲ್ಲಿ ಎರಡಕ್ಕೂ ಒಂದೇ 'ನಹೀ'. ನಮ್ಮಲ್ಲಿ ವಸ್ತುವೇ ಇರದಿದ್ದರೆ 'ಇಲ್ಲ', ಇದು ಅದಾಗಿರದಿದ್ದರೆ 'ಅಲ್ಲ'. ಅವನು ಕಿವಿಯ ಪೆನ್ಸಿಲ್ ತೆಗೆದು ಕೆಳಗೆ ತಾನೇ ಬರೆದ, ನಾಗರಿ ಅಕ್ಷರದಲ್ಲಿ: 'ಇದು ನನ್ನ ಚಪ್ಪಲಿ ಅಲ್ಲ. ನನ್ನ ಚಪ್ಪಲಿ ಇಲ್ಲಿ ಇಲ್ಲ.' ಹಾಗೆ ಬರೆದವನು ತಲೆಯೆತ್ತಿ, "ಮತ್ತೆ ಓನರ್ರು 'ಇವತ್ತು ಬರಲ್ಲ' ಅಂತಾರೆ, ಅದು ಯಾವ ಅಲ್ಲ?" ಅಂತ ಕೇಳಿದ.

ಎಂಥ ಪ್ರಶ್ನೆ! 'ಬರುವುದಿಲ್ಲ' ಸವೆದು 'ಬರಲ್ಲ' ಆಗಿದೆ, ಅದು 'ಇಲ್ಲ'ದ ಮರಿ, 'ಅಲ್ಲ'ದ್ದಲ್ಲ. ಅದನ್ನು ಅವನಿಗೆ ಹೇಳಲು ನನ್ನ ನೆರವಿಗೆ ಬಂದದ್ದು ಭಾಷಾವಿಜ್ಞಾನದ ತರಗತಿ. ಕನ್ನಡ ನನ್ನ ತಾಯಿನುಡಿ ಅನ್ನುವ ಒಂದೇ ಬಲದಿಂದ ಅದು ಸಾಧ್ಯವಿರಲಿಲ್ಲ. ಮಲಯಾಳಿಗೆ ಈ ಪಾಠವೇ ಬೇಡ, ಅವರಲ್ಲೂ ಅಲ್ಲ–ಇಲ್ಲ ಇವೆ. ತೆಲುಗರಿಗೆ ಕಾದು–ಲೇದು ಇವೆ. ತಮಿಳರ ಆಡುಮಾತಿನಲ್ಲಿ ಎರಡಕ್ಕೂ 'ಇಲ್ಲೆ' ನಡೆಯುತ್ತದೆ, ಅವರಿಗೆ ಪಾಠ ಬೇಕು. ಹಾಗಾಗಿ ಕಲಿಸುವವರು ಮೊದಲು ಕೇಳಬೇಕಾದ್ದು: ಎದುರಿಗೆ ಕೂತವರ ಮೊದಲ ನುಡಿ ಯಾವುದು?

ಈಗ ಲೆಕ್ಕ ನೋಡಿ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕನ್ನಡ ತಾಯಿನುಡಿಯಾದವರು ಸುಮಾರು ಮೂರರಲ್ಲಿ ಎರಡು ಪಾಲು. ಉಳಿದ ಪಾಲಿನಲ್ಲಿ ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಕೊಡವ, ಲಂಬಾಣಿ ಎಲ್ಲ ಇವೆ. ಇವರು ನಿನ್ನೆ ರೈಲು ಇಳಿದವರಲ್ಲ, ನಮ್ಮೂರಿನವರೇ. ಆ ಮನೆಗಳ ಮಗು ಶಾಲೆಗೆ ಬಂದಾಗ ಕನ್ನಡ ಅದಕ್ಕೆ ಎರಡನೇ ನುಡಿ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದು ಎಲ್ಲ ಶಾಲೆಗಳಲ್ಲೂ ಕನ್ನಡ ಕಡ್ಡಾಯವಾಯಿತು. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕನ್ನಡ ಬಲ್ಲವರಿಗೆ 'ಸಾಂಸ್ಕೃತಿಕ ಕನ್ನಡ', ಬಾರದವರಿಗೆ 'ಬಳಕೆ ಕನ್ನಡ' ಅಂತ ಎರಡು ದಾರಿ ಮಾಡಿದ್ದಾರೆ. ಒಳ್ಳೆಯ ಕೆಲಸ. ಆದರೆ ಹಳಗನ್ನಡ, ಛಂದಸ್ಸು, ವಿಮರ್ಶೆ ಓದಿ ಬಂದ ಮೇಷ್ಟ್ರನ್ನು 'ಬಳಕೆ ಕನ್ನಡ'ದ ತರಗತಿಗೆ ಕಳಿಸಿದರೆ ಪಾಪ ಅವರೇನು ಮಾಡಬೇಕು? ಪಂಪನ ಪದ್ಯ ಬಿಡಿಸುವುದು ಒಂದು ವಿದ್ಯೆ, ಬರಲ್ಲ–ಅಲ್ಲ ಬಿಡಿಸುವುದು ಇನ್ನೊಂದು.

ನನ್ನದೇ ಒಂದು ನೋವಿದೆ, ಹೇಳಿಬಿಡುತ್ತೇನೆ. ಹೊರರಾಜ್ಯದ ವಿದ್ಯಾರ್ಥಿಗಳಿಗೆ ಕನ್ನಡ ಕಲಿಸುವ ಅತಿಥಿ ಉಪನ್ಯಾಸಕ ಹುದ್ದೆಗೆ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದೆ. ದಾಖಲೆ ನೋಡುವವರು ಅಂಕಪಟ್ಟಿಯ ಮೇಲೆ ಬೆರಳಿಟ್ಟು, "ನಿಮ್ಮದು ಕನ್ನಡ ಎಂ.ಎ. ಅಲ್ಲ" ಎಂದು ಮರಳಿಸಿದರು. ಅವರ ವ್ಯಾಕರಣ ಸರಿಯಿತ್ತು. ಆದರೆ ಆ ಹುದ್ದೆಗೆ ಬೇಕಾದ ಓದು ಯಾವುದು ಅಂತ ಅಧಿಸೂಚನೆ ಬರೆದವರು ಯೋಚಿಸಿರಲಿಲ್ಲ. ಇಂದಿಗೂ ನನಗೆ ಅದು ಚುಚ್ಚುತ್ತದೆ.

ಚೀಟಿ ಬಂತು, ಹತ್ತು ನಿಮಿಷ ಅಂತೆ. ನಾಲ್ಕು ಅಂಶ ಇಟ್ಟುಕೊಂಡಿದ್ದೆ, ಎರಡನೆಯದರಲ್ಲೇ ಇದ್ದೇನೆ.

ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 1969ರಲ್ಲಿ ಶುರುವಾಯಿತು. ಅದರ ಪ್ರಾದೇಶಿಕ ಕೇಂದ್ರದಲ್ಲಿ ಬೇರೆ ರಾಜ್ಯಗಳ ಶಾಲಾ ಶಿಕ್ಷಕರು ಹತ್ತು ತಿಂಗಳು ಕೂತು ಕನ್ನಡ ಕಲಿತು ಹೋಗಿದ್ದಾರೆ. ಅಂದರೆ ಎರಡನೇ ನುಡಿಯಾಗಿ ಕನ್ನಡ ಕಲಿಸುವ ಅನುಭವ ನಮ್ಮ ಮನೆಯಲ್ಲೇ ಐವತ್ತು ವರ್ಷದ್ದಿದೆ. ಅದು ನಮ್ಮ ಬಿ.ಎಡ್. ತರಗತಿಗಳಿಗೆ ಇಳಿಯಬೇಕು. ಭಾಷಾತಂತ್ರಜ್ಞಾನದ ಕೆಲಸಗಳ ಬಗ್ಗೆಯೂ ಹೇಳಬೇಕಿತ್ತು. ಪ್ರಶ್ನೋತ್ತರದಲ್ಲಿ ಕೇಳಿ. ಹೊರದೇಶದ ಕನ್ನಡ ಪೀಠಗಳ ಮಾತು ಇನ್ನೊಮ್ಮೆ.

ಪಠ್ಯಕ್ರಮ ಸಮಿತಿಯ ಇಬ್ಬರು ಇಲ್ಲಿದ್ದೀರಿ. ಕೈಮುಗಿದು ಕೇಳುವುದಿಷ್ಟು. ಕನ್ನಡ ಎಂ.ಎ.ಗೆ 'ಎರಡನೇ ನುಡಿಯಾಗಿ ಕನ್ನಡ ಕಲಿಸುವುದು' ಅಂತ ಒಂದು ಪತ್ರಿಕೆ ಸೇರಿಸಿ. ಮುಂದಿನ ಅಧಿಸೂಚನೆಯಲ್ಲಿ 'ಕನ್ನಡ' ಅನ್ನುವುದರ ಪಕ್ಕ 'ಅಥವಾ ಭಾಷಾವಿಜ್ಞಾನ' ಅಂತ ಎರಡು ಪದ ಬರೆಸಿ. ಆ ಹಾಜರಿ ಹಾಳೆ ನನ್ನ ಚೀಲದಲ್ಲೇ ಇದೆ, ಬಡಗಿಯ ಪೆನ್ಸಿಲ್ ಅಕ್ಷರ ಇನ್ನೂ ಮಾಸಿಲ್ಲ. ಊಟದ ಹೊತ್ತಿಗೆ ತೋರಿಸುತ್ತೇನೆ, ಬನ್ನಿ.