ಹೆಡಿಗೆ ಹೊರುವ ಆಳು: ಬ್ಯಾಕ್ಟೀರಿಯದ ಉಸಿರಾಟ

ಕೇಳುಗರಿಗೆ ನಮಸ್ಕಾರ. ಬ್ಯಾಕ್ಟೀರಿಯ ಉಸಿರಾಡುತ್ತದೆ ಎಂದೊಡನೆ, ಅದಕ್ಕೆ ಮೂಗೆಲ್ಲಿದೆ ಎಂದು ಪ್ರತಿ ಸಭೆಯಲ್ಲಿಯೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ದಯವಿಟ್ಟು ಮೂಗನ್ನು ಈ ಹೊತ್ತಿಗೆ ಮರೆತುಬಿಡಿ. ಆಹಾರದಿಂದ ಕಿತ್ತ ಎಲೆಕ್ಟ್ರಾನುಗಳನ್ನು ಹೊತ್ತೊಯ್ದು ಬೇರೊಂದೆಡೆ ಇಳಿಸುವುದೇ ಉಸಿರಾಟ. ಹೊರುವ ಆಳಿನ ಹೆಸರು ಕ್ವಿನೋನ್.

ಕಾಸರಗೋಡು ಜಿಲ್ಲೆಯ ಬಾಯಾರಿನ ಕಡೆ ನನ್ನ ಸೋದರಮಾವ ನೀರಿಗಾಗಿ ಗುಡ್ಡಕ್ಕೆ ಸುರಂಗ ಕೊರೆಸಿದ ಬೇಸಿಗೆಯಲ್ಲಿ ನಾನು ಶಾಲೆಯ ಹುಡುಗ. ಒಬ್ಬರು ಪಿಕ್ಕಾಸಿನಿಂದ ಮುರಕಲ್ಲನ್ನು ಕಡಿಯುತ್ತಿದ್ದರು. ಇನ್ನೊಬ್ಬರು ಮಣ್ಣನ್ನು ಹೆಡಿಗೆಯಲ್ಲಿ ತುಂಬಿ, ಬೆನ್ನು ಬಗ್ಗಿಸಿ ಹೊರತಂದು, ಅಡಿಕೆ ತೋಟದ ಬದಿಯಲ್ಲಿ ಸುರಿದು, ಖಾಲಿ ಹೆಡಿಗೆಯೊಂದಿಗೆ ಮತ್ತೆ ಒಳಗೆ ನುಸುಳುತ್ತಿದ್ದರು. ಸುರಂಗದ ಬಾಯಿಯಲ್ಲಿ ಕುಳಿತು ಹೆಡಿಗೆ ಎಣಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಒಂದು ಮಧ್ಯಾಹ್ನ ಹೊರುವವರು ಕಾಲು ಉಳುಕಿ ಕುಳಿತುಬಿಟ್ಟರು. ಕಡಿಯುವವರ ತೋಳಿನಲ್ಲಿ ಬೇಕಾದಷ್ಟು ಕಸುವಿತ್ತು, ಆದರೆ ಅರ್ಧ ಗಂಟೆಯೊಳಗೆ ಅವರ ಕಾಲಬುಡದಲ್ಲಿ ಮಣ್ಣು ರಾಶಿಬಿದ್ದು ಪಿಕ್ಕಾಸು ಎತ್ತಲೂ ಜಾಗವಿಲ್ಲದಾಯಿತು. ಮತ್ತೊಂದು ದಿನ ಒಳಗಿಟ್ಟಿದ್ದ ಮೇಣದ ಬತ್ತಿ ತಾನಾಗಿ ನಂದಿತು. ಇಬ್ಬರೂ ಮಾತಿಲ್ಲದೆ ಹೊರಗೆ ಬಂದರು.

ಕ್ವಿನೋನ್ ಮಾಡುವುದು ಆ ಹೆಡಿಗೆಯವರ ಕೆಲಸವನ್ನೇ. ಎಣ್ಣೆಯಂಥ ಜೀವಕೋಶ ಪೊರೆಯೊಳಗೆ ಅದು ಎರಡು ಎಲೆಕ್ಟ್ರಾನು, ಎರಡು ಪ್ರೋಟಾನು ಹೊತ್ತು ನಡೆದು, ಹೊರೆ ಇಳಿಸಿ, ಖಾಲಿಯಾಗಿ ಮರಳುತ್ತದೆ, ಸವೆದುಹೋಗುವುದಿಲ್ಲ. ಪೊರೆಯ ಒಳಬದಿಯಲ್ಲಿ ಎತ್ತಿಕೊಂಡ ಪ್ರೋಟಾನುಗಳನ್ನು ಹೊರಬದಿಯಲ್ಲಿ ಬಿಡುವುದರಿಂದ ಒಂದು ಒತ್ತಡ ಹುಟ್ಟಿ, ಅದರಿಂದ ಜೀವಕೋಶ ತನ್ನ ಕೆಲಸಗಳಿಗೆ ಬಳಸುವ ಶಕ್ತಿಯ ಅಣು ಎಟಿಪಿ ತಯಾರಾಗುತ್ತದೆ. ಈ ಒತ್ತಡದ ತತ್ತ್ವವನ್ನು 1961ರಲ್ಲಿ ಮಂಡಿಸಿದ ಬ್ರಿಟಿಷ್ ವಿಜ್ಞಾನಿ ಪೀಟರ್ ಮಿಚೆಲ್ ಅವರಿಗೆ 1978ರಲ್ಲಿ ನೊಬೆಲ್ ಬಂತು.

ಆಮ್ಲಜನಕ ಸಾಲದೆ ಬತ್ತಿ ನಂದಿದಾಗ ಮನುಷ್ಯ ಹೊರಗೆ ಓಡುತ್ತಾನೆ. ನಮ್ಮ ಕರುಳಿನ ಇ-ಕೋಲೈ ಎಂಬ ಬ್ಯಾಕ್ಟೀರಿಯ ಓಡುವುದಿಲ್ಲ, ಆಳನ್ನು ಬದಲಿಸುತ್ತದೆ. ಆಮ್ಲಜನಕವಿರುವಾಗ ಅದರಲ್ಲಿ ಹೆಚ್ಚಾಗಿ ದುಡಿಯುವುದು ಯುಬಿಕ್ವಿನೋನ್ ಎಂಬ ಬಗೆಯ ಕ್ವಿನೋನ್, ಇಲ್ಲದಾಗ ಮೆನಾಕ್ವಿನೋನ್ ಎಂಬ ಇನ್ನೊಂದು ಬಗೆ. ಆಗ ಹೊರೆ ಇಳಿಸುವ ತಾಣವೂ ಆಮ್ಲಜನಕವಲ್ಲ, ಬೇರೆ, ಉದಾಹರಣೆಗೆ ಫ್ಯುಮರೇಟ್ ಎಂಬ ಪದಾರ್ಥ. ನೀರಿನಂತೆ ಎಲೆಕ್ಟ್ರಾನಿಗೂ ಇಳಿಜಾರು ಬೇಕು: ಫ್ಯುಮರೇಟಿನ ಮಟ್ಟ ಸುಮಾರು +30 ಮಿಲಿವೋಲ್ಟ್, ಯುಬಿಕ್ವಿನೋನಿನದು ಸುಮಾರು +100, ಮೆನಾಕ್ವಿನೋನಿನದು ಸುಮಾರು -75. ಈ ಲೆಕ್ಕದಲ್ಲಿ ಎಲೆಕ್ಟ್ರಾನು ಹರಿಯುವುದು ಋಣದಿಂದ ಧನದೆಡೆಗೆ. ಆದ್ದರಿಂದ ಮೆನಾಕ್ವಿನೋನ್ ಫ್ಯುಮರೇಟಿಗೆ ಸಲೀಸಾಗಿ ಹೊರೆ ಇಳಿಸುತ್ತದೆ, ಯುಬಿಕ್ವಿನೋನಿಗೆ ಅದು ಏರುದಾರಿ.

ಹೆಡಿಗೆಯ ಕತೆಯೇ ಹೊತ್ತನ್ನೆಲ್ಲ ತಿಂದಿತು. ಈ ಎರಡು ಕ್ವಿನೋನುಗಳ ತಯಾರಿಯನ್ನು ಎರಡೇ ಮಾತಿನಲ್ಲಿ ಹೇಳಬೇಕಾಗಿದೆ. ಇ-ಕೋಲೈಯಲ್ಲಿ ಎರಡಕ್ಕೂ ಮೂಲ ಕೋರಿಸ್ಮೇಟ್ ಎಂಬ ಒಂದೇ ಪದಾರ್ಥ. ಅಲ್ಲಿಂದ ದಾರಿ ಕವಲೊಡೆದು ಬೇರೆ ಬೇರೆ ಉಂಗುರಗಳಾಗುತ್ತವೆ. ಪ್ರತಿ ಉಂಗುರಕ್ಕೆ ಐಸೊಪ್ರೀನ್ ಎಂಬ 8 ಇಂಗಾಲದ ತುಣುಕುಗಳ ಬಾಲ ಜೋಡಣೆಯಾಗುತ್ತದೆ. ಈ ಬಾಲವೇ ಅದನ್ನು ಪೊರೆಯಲ್ಲಿ ಹಿಡಿದಿಡುತ್ತದೆ. ನಮ್ಮ ಯುಬಿಕ್ವಿನೋನಿನ ಬಾಲದಲ್ಲಿ ಸಾಮಾನ್ಯವಾಗಿ 10 ತುಣುಕುಗಳಿವೆ.

ಕ್ಷಯರೋಗದ ಬ್ಯಾಕ್ಟೀರಿಯಕ್ಕಾದರೋ ಬದಲಿ ಆಳಿಲ್ಲ, ಗಾಳಿಯಿದ್ದರೂ ಅದಕ್ಕೆ ಮೆನಾಕ್ವಿನೋನೇ ಗತಿ. ಮನುಷ್ಯನ ಉಸಿರಾಟ ಸರಪಳಿ ಮೆನಾಕ್ವಿನೋನನ್ನು ಅವಲಂಬಿಸಿಲ್ಲವಾದ್ದರಿಂದ, ಕ್ಷಯದ ಬ್ಯಾಕ್ಟೀರಿಯದಲ್ಲಿ ಅದರ ತಯಾರಿಯನ್ನೇ ತಡೆಯುವ ಮದ್ದಿಗಾಗಿ ವಿಜ್ಞಾನಿಗಳು ಹುಡುಕುತ್ತಿದ್ದಾರೆ: ಪಿಕ್ಕಾಸಿನವರನ್ನು ಮುಟ್ಟದೆ, ಹೆಡಿಗೆಯವರನ್ನು ಕೂರಿಸಿಬಿಡುವ ಮದ್ದು. ನಮಸ್ಕಾರ.